ರೆಲಿಕ್ಟ್ (ಪದ)

ರೆಲಿಕ್ಟ್ ಎಂಬುದು 'ವಿಧವೆ' ಎಂಬ ಅರ್ಥದ, ಈಗ ಬಹುಮಟ್ಟಿಗೆ ಬಳಕೆ ತಪ್ಪಿರುವ ಇಂಗ್ಲಿಷ್ ಪದ. 18 ಮತ್ತು 19ನೆಯ ಶತಮಾನಗಳ ಬ್ರಿಟಿಷ್ ಮತ್ತು ಅಮೆರಿಕನ್ ಪತ್ರಿಕೆಗಳ ಮರಣವಾರ್ತೆಗಳಲ್ಲಿ, ಸಮಾಧಿಶಿಲೆಗಳಲ್ಲಿ ಹಾಗೂ ಉಯಿಲಿನ ದಾಖಲೆಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ವ್ಯುತ್ಪತ್ತಿ

ಲ್ಯಾಟಿನ್ ಭಾಷೆಯ 'ರೆಲಿಂಕ್ವೆರೆ' (ಹಿಂದೆ ಬಿಟ್ಟುಹೋಗು) ಎಂಬ ಕ್ರಿಯಾಪದದಿಂದ ಬಂದ 'ರೆಲಿಕ್ಟಾ' ಎಂಬ ಸ್ತ್ರೀಲಿಂಗ ರೂಪ ಇದರ ಮೂಲ. 'ಹಿಂದೆ ಉಳಿದವಳು' ಎಂಬುದು ಇದರ ವಾಚ್ಯಾರ್ಥ. ಪವಿತ್ರ ಅವಶೇಷವನ್ನು ಸೂಚಿಸುವ 'ರೆಲಿಕ್' ಪದವೂ ಇದೇ ಮೂಲದ್ದು. ಇದೇ ಅರ್ಥದ ಇನ್ನೊಂದು ಇಂಗ್ಲಿಷ್ ಪದವಾದ 'ವಿಡೋ', ಸಂಸ್ಕೃತದ 'ವಿಧವಾ' ಶಬ್ದದೊಂದಿಗೆ ಸಮಾನ ಇಂಡೋ-ಯುರೋಪಿಯನ್ ಮೂಲವನ್ನು ಹೊಂದಿದೆ.

ಪತ್ರಿಕೆಗಳಲ್ಲಿ ಬಳಕೆ

ಎಡ್ವರ್ಡ್ ಕೇವ್ 1731ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ 'ದಿ ಜಂಟಲ್‌ಮನ್ಸ್ ಮ್ಯಾಗಜೀನ್' ಮುಂತಾದ ಪತ್ರಿಕೆಗಳು ಮರಣವಾರ್ತೆಗಳ ಪಟ್ಟಿಯನ್ನು ಪ್ರಕಟಿಸುತ್ತಿದ್ದವು. ಅವುಗಳಲ್ಲಿ ಸ್ತ್ರೀಯನ್ನು 'ದಿವಂಗತ ಇಂಥವರ ರೆಲಿಕ್ಟ್' ಎಂದು ಗುರುತಿಸುವುದು ರೂಢಿಯಾಗಿತ್ತು. ಪತಿಯ ಹೆಸರು, ವೃತ್ತಿ ಮತ್ತು ಊರು ದಾಖಲಾಗುತ್ತಿದ್ದರೂ ಆಕೆಯ ಸ್ವಂತ ಹೆಸರು ಅನೇಕ ವೇಳೆ ಇರುತ್ತಿರಲಿಲ್ಲ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ಪ್ರಕಾರ ವಿವಾಹಿತ ಸ್ತ್ರೀಯ ಕಾನೂನುಬದ್ಧ ಅಸ್ತಿತ್ವವು ಪತಿಯ ಅಸ್ತಿತ್ವದಲ್ಲಿ ಲೀನವಾಗುತ್ತಿತ್ತು. ವಿಧವೆಯಾದಾಗ ತನ್ನ ಹೆಸರಿನಲ್ಲಿ ಆಸ್ತಿ ಹೊಂದುವ ಮತ್ತು ಕರಾರು ಮಾಡಿಕೊಳ್ಳುವ ಹಕ್ಕು ಆಕೆಗೆ ಮರಳುತ್ತಿತ್ತು. ಹೀಗೆ ಕಾನೂನು ಸ್ವತಂತ್ರಳೆಂದು ಒಪ್ಪಿದ ಸ್ತ್ರೀಯನ್ನೂ ಪತ್ರಿಕೆಗಳು ಮೃತ ಪತಿಯ ಹೆಸರಿನಿಂದಲೇ ಗುರುತಿಸುತ್ತಿದ್ದವು.

ಸಂಬಂಧಿತ ಪದಗಳು

ಪತಿಯು ಜೀವಂತವಿರುವಾಗ ಮೃತಳಾದ ಸ್ತ್ರೀಯನ್ನು, ವಿಶೇಷವಾಗಿ ಅಮೆರಿಕದ ಸಮಾಧಿಶಿಲೆಗಳಲ್ಲಿ, 'ಕನ್ಸಾರ್ಟ್' ಎಂದು ಕರೆಯಲಾಗುತ್ತಿತ್ತು. 'ವಿಡೋ' ಎಂಬುದು ಸ್ತ್ರೀಯ ಸ್ಥಿತಿಯನ್ನು ತಿಳಿಸಿದರೆ, 'ರೆಲಿಕ್ಟ್' ನಿರ್ದಿಷ್ಟ ಮೃತ ವ್ಯಕ್ತಿಯೊಂದಿಗಿನ ಸಂಬಂಧವನ್ನು ತಿಳಿಸುತ್ತದೆ. ಆದ್ದರಿಂದಲೇ 19ನೆಯ ಶತಮಾನದ ಇಂಗ್ಲೆಂಡಿನ ಉಯಿಲು ದಾಖಲೆಗಳಲ್ಲಿ ಎರಡೂ ಪದಗಳು ಒಟ್ಟಿಗೆ ಬರುವುದುಂಟು. ಪುನರ್ವಿವಾಹವಾದ ಸ್ತ್ರೀಯು ವಿಧವೆಯಾಗಿ ಉಳಿಯದಿದ್ದರೂ ಮೊದಲ ಪತಿಯ ರೆಲಿಕ್ಟ್ ಎಂದು ಉಲ್ಲೇಖಗೊಳ್ಳಬಹುದಿತ್ತು.

ಸಂಶೋಧನೆಯಲ್ಲಿ ಮಹತ್ವ

ವಂಶಾವಳಿ ಮತ್ತು ಸ್ತ್ರೀ ಇತಿಹಾಸದ ಅಧ್ಯಯನದಲ್ಲಿ ಈ ಪದ ಮುಖ್ಯ ಸುಳಿವಾಗಿದೆ. ಮರಣವಾರ್ತೆಯಲ್ಲಿ ಇದು ಕಂಡುಬಂದರೆ ಪತಿಯು ಆ ಮೊದಲೇ ಮೃತನಾಗಿದ್ದನೆಂದು ತಿಳಿಯುತ್ತದೆ. ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹಗಳಲ್ಲಿ 'ವಿಡೋ' ಎಂದಷ್ಟೇ ಹುಡುಕಿದರೆ ಇಂತಹ ವಾರ್ತೆಗಳು ತಪ್ಪಿಹೋಗುತ್ತವೆ. ವಾರ್ತೆಯಲ್ಲಿ ಸ್ತ್ರೀಯ ಹೆಸರಿಲ್ಲದಿದ್ದಾಗ ಪತಿಯ ಹೆಸರನ್ನು ಆಧರಿಸಿ ವಿವಾಹ ದಾಖಲೆ ಮತ್ತು ಉಯಿಲುಗಳಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಇಂದಿನ ಬಳಕೆ

ಪ್ರಸ್ತುತ ಈ ಪದವು ಮುಖ್ಯವಾಗಿ ವಿಜ್ಞಾನದಲ್ಲಿ ಉಳಿದಿದೆ. ಹಿಂದೆ ವ್ಯಾಪಕವಾಗಿದ್ದು ಈಗ ಸೀಮಿತ ಪ್ರದೇಶದಲ್ಲಿ ಮಾತ್ರ ಉಳಿದಿರುವ ಜೀವಿಗಳನ್ನು ಜೀವವಿಜ್ಞಾನದಲ್ಲಿ ರೆಲಿಕ್ಟ್ ಎನ್ನುತ್ತಾರೆ. ನ್ಯೂಜಿಲೆಂಡಿನ ಸರೀಸೃಪವಾದ ಟುವಟಾರ ಇದಕ್ಕೊಂದು ಉದಾಹರಣೆ.