ಕತ್ತದ ಹಗ್ಗವೂ ಹಾಯಿಹಡಗೂ

ಹಗ್ಗವು ಮಾನವನ ಅತಿ ಪುರಾತನವಾದ ಉಪಕರಣಗಳಲ್ಲೊಂದು. ಆದರೂ ಚರಿತ್ರಕಾರರು ಕತ್ತಿಗೆ ಕೊಟ್ಟ ಸ್ಥಾನವನ್ನು ಹಗ್ಗಕ್ಕೆ ಕೊಟ್ಟುದಿಲ್ಲ. ಚನ್ನರಾಯಪಟ್ಟಣದ ತಾಲ್ಲೂಕಿನ ನುಗ್ಗೇಹಳ್ಳಿಯು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಿಂದ ಪ್ರಸಿದ್ಧವಾಗಿದೆ. ಈ ಊರಿಗೂ ಸಮುದ್ರಕ್ಕೂ ಘಟ್ಟಗಳೇ ಅಡ್ಡವಾಗಿ ನಿಂತಿವೆ. ಹೀಗಿದ್ದರೂ ಈ ಸೀಮೆಯ ತೋಟಗಳಲ್ಲಿ ಹಂಡೆಯ ಒಲೆಗೆ ಬೀಳುವ ತೆಂಗಿನ ಮಟ್ಟೆಯು ಸಾಗರಯಾನದ ಚರಿತ್ರೆಗೆ ಸೇರಿದ ವಸ್ತುವೆಂಬುದನ್ನು ಬಲ್ಲವರು ವಿರಳ.

ನುಗ್ಗೇಹಳ್ಳಿಯ ದೇವಾಲಯವು ಎದ್ದ ಶತಮಾನದಲ್ಲಿಯೇ ವೆನಿಸ್ಸಿನ ಮಾರ್ಕೊ ಪೋಲೊ ಎಂಬಾತನು ಪಾರಸಿಕ ದೇಶದ ಹೊರ್ಮುಜ್ ರೇವಿನಲ್ಲಿ ತೆಂಗಿನ ನಾರಿನಿಂದ ಹೊಲಿದ ಹಡಗುಗಳನ್ನು ಕಂಡನು. ಕಬ್ಬಿಣದ ಮೊಳೆಯಿಲ್ಲದ ಆ ಹಡಗುಗಳು ಅವನ ಕಣ್ಣಿಗೆ ತೀರ ಕೀಳಾಗಿಯೂ ಅಪಾಯಕರವಾಗಿಯೂ ತೋರಿದುವು. ಮುಂದಿನ ಶತಮಾನದಲ್ಲಿ ಹೊನ್ನಾವರವನ್ನೂ ಮಾಲ್ದೀವವನ್ನೂ ಕಂಡ ಇಬನ್ ಬತೂತನ ಅಭಿಪ್ರಾಯವಾದರೋ ಬೇರೆ. ಮೊಳೆ ಬಡಿದ ಹಡಗು ಬಂಡೆಗೆ ತಾಗಿದರೆ ಒಡೆಯುವುದು. ಹುರಿಯಿಂದ ಹೊಲಿದುದು ಬಾಗಿ ಉಳಿಯುವುದು ಎಂದು ಅವನು ಬರೆದಿಟ್ಟನು. ಒಬ್ಬನು ನೋಡಿದ್ದು ಬಿಗಿಯನ್ನು, ಇನ್ನೊಬ್ಬನು ನೋಡಿದ್ದು ಬಳುಕನ್ನು.

ಹಗ್ಗದ ಆಯ್ಕೆಯ ಮರ್ಮವೆಲ್ಲ ಈ ಭೇದದಲ್ಲಿಯೇ ಇದೆ. ಕೂವೆಮರವನ್ನು ನಿಲ್ಲಿಸುವ ಹಗ್ಗವು ಹಿಗ್ಗಬಾರದು. ಹಿಗ್ಗಿದರೆ ಮರವು ತೂಗಾಡಿ ಮುರಿದೀತು. ಲಂಗರಿನ ಹಗ್ಗವು ಹಿಗ್ಗಲೇಬೇಕು. ಇಲ್ಲವಾದರೆ ಪ್ರತಿಯೊಂದು ಅಲೆಯ ಪೆಟ್ಟೂ ನೇರವಾಗಿ ಹಡಗಿಗೆ ತಾಗುವುದು. ಹಾಯಿಯನ್ನು ಹಿಡಿದು ಸಡಿಲಿಸುವ ಹಗ್ಗವು ಕೈಗೆ ಹಿತವಾಗಿರಬೇಕು. ಕತ್ತದ ಹಗ್ಗವು ಬಲದಲ್ಲಿ ಸೆಣಬಿಗೆ ಕಡಮೆ, ಅಂಗೈಗೆ ಒರಟು. ಆದರೆ ಅದು ನೀರಿನಲ್ಲಿ ತೇಲುತ್ತದೆ, ಉಪ್ಪುನೀರಿಗೆ ಬೇಗನೆ ಕೊಳೆಯದು, ಎಳೆತಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಬಾವಿಗೆ ನಾರಿನ ಹಗ್ಗವನ್ನೂ ಎತ್ತಿನ ಮೂಗುದಾರಕ್ಕೆ ಮೃದುವಾದ ನೂಲನ್ನೂ ಆರಿಸುವ ಒಕ್ಕಲಿಗನ ವಿವೇಕವೇ ನಾವಿಕನದೂ ಆಗಿದೆ.

ನಾರಿನಲ್ಲಿಯೂ ತರತಮವುಂಟು. ಕರಾವಳಿಯಲ್ಲಿ ಎಳಸು ಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಯಿಟ್ಟು, ಬಡಿದು, ಬಿಳಿಯ ನಾರನ್ನು ತೆಗೆಯುವರು. ಸಣ್ಣ ಹುರಿ ಹೊಸೆಯಲು ಇದು ತಕ್ಕುದು. ಬಯಲುಸೀಮೆಯಲ್ಲಿ ಕಾಯನ್ನು ಕೊಬ್ಬರಿಗಾಗಿ ಅಟ್ಟದ ಮೇಲೆ ಒಣಗಿಸುವುದರಿಂದ ಮಟ್ಟೆಯು ಬಲಿತು, ನಾರು ಕಂದಾಗಿಯೂ ಪೆಡಸಾಗಿಯೂ ಇರುವುದು.

1498ರಲ್ಲಿ ಪೋರ್ಚುಗೀಸರು ಬಂದ ಮೇಲೆ, ತೋಪುಗಳನ್ನು ಹೊರಬಲ್ಲ ಮೊಳೆಯ ಹಡಗುಗಳ ಮುಂದೆ ಹೊಲಿಗೆಯ ಹಡಗುಗಳು ಕ್ರಮೇಣ ಹಿಂದೆ ಸರಿದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಿಪೈನ್ಸಿನ ಮನಿಲಾ ಹಗ್ಗವೂ ಕಬ್ಬಿಣದ ತಂತಿಹಗ್ಗವೂ ಬಳಕೆಗೆ ಬಂದುವು. 1935ರಲ್ಲಿ ನೈಲಾನೂ, 1941ರಲ್ಲಿ ಪಾಲಿಯೆಸ್ಟರೂ ಹುಟ್ಟಿದುವು. ಇಂದು ವಿಹಾರನೌಕೆಯವರು ಹಿಗ್ಗುವ ನೈಲಾನನ್ನು ಲಂಗರಿಗೂ, ಹೆಚ್ಚಾಗಿ ಹಿಗ್ಗದ ಪಾಲಿಯೆಸ್ಟರನ್ನು ಹಾಯಿಗೂ ಆರಿಸುತ್ತಾರೆ. ವಸ್ತು ಬದಲಾಗಿದೆ, ನ್ಯಾಯವು ಬದಲಾಗಿಲ್ಲ.

ಕತ್ತದ ಕಥೆಯಾದರೂ ಅಲ್ಲಿಗೆ ಮುಗಿಯಲಿಲ್ಲ. ಅಜಂತೆಯ ಚಿತ್ರವೊಂದನ್ನು ಅನುಸರಿಸಿ, ತೆಂಗಿನ ಹುರಿಯಿಂದ ಹಲಗೆಗಳನ್ನು ಹೊಲಿದು ಗೋವೆಯಲ್ಲಿ ಕಟ್ಟಿದ ‘ಕೌಂಡಿನ್ಯ’ವೆಂಬ ಹಾಯಿಹಡಗನ್ನು 2025ನೆಯ ಮೇ 21ರಂದು ಕಾರವಾರದಲ್ಲಿ ನೌಕಾದಳಕ್ಕೆ ಸೇರಿಸಲಾಯಿತು. ಅದರ ಹಾಯಿಯ ಮೇಲೆ ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡವಿದೆ. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರನ್ನು ಬಿಟ್ಟ ಆ ಹಡಗು 2026ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು. ಮಾರ್ಕೊ ಪೋಲೊ ಹಳಿದ ಹೊಲಿಗೆಯು ಹೀಗೆ ಅರಬ್ಬೀ ಸಮುದ್ರವನ್ನು ಮತ್ತೊಮ್ಮೆ ದಾಟಿತು. ಬಾಗಬೇಕಾದೆಡೆ ಬಾಗುವುದೂ ಒಂದು ಬಲವೆಂಬುದನ್ನು ಬಲ್ಲವರು, ಒಲೆಗೆ ಮಟ್ಟೆಯನ್ನು ನೂಕುವ ಮುನ್ನ ಒಂದು ಕ್ಷಣ ತಡೆದಾರು.