ಬಣಕಲ್ ಸೀಮೆಯ ಅಕ್ವಾಪೋನಿಕ್ಸ್‌ಗೆ ಯಾವ ಪ್ರೋಟೀನ್?

ಮೂಡಿಗೆರೆ ತಾಲೂಕಿನ ಬಣಕಲ್ ಸಂತೆಗೆ ಕಡಲಮೀನು ಚಾರ್ಮಾಡಿ ಘಾಟಿ ಹತ್ತಿ ಬರುತ್ತದೆ. ಸಾಕುಮೀನಿನ ಮೇವಿಗೆ ಸೇರುವ ಮೀನಿನ ಹುಡಿ ತಯಾರಾಗುವುದೂ ಅದೇ ಕರಾವಳಿಯ ಉಳ್ಳಾಲ, ಮಲ್ಪೆಗಳಲ್ಲಿ. ಅದಕ್ಕೆ ಸುರಿಯುವುದು ಬೂತಾಯಿ ಮತ್ತು ಬಲೆಗೆ ಬಿದ್ದ ಸಣ್ಣ ಮೀನು. ಜನರ ಊಟಕ್ಕಾಗುವ ಬೂತಾಯಿಯನ್ನು ಪುಡಿಮಾಡಿ ತೊಟ್ಟಿಯ ತಿಲಾಪಿಯಕ್ಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಬದಲಿ ಏನು?

ಮೂಡಿಗೆರೆ ಕಡೆಯವರಿಗೆ ಮೊದಲು ಹೊಳೆಯುವುದು ಕಾಫಿ ಪಲ್ಪ್. ಹಣ್ಣಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಅದೇ ಇರುತ್ತದೆ. ಆದರೆ ಒಣಗಿದ ಪಲ್ಪ್‌ನಲ್ಲಿ ಪ್ರೋಟೀನ್ ಶೇ. 10ರ ಆಸುಪಾಸು ಮಾತ್ರ. ಜೊತೆಗೆ ಕೆಫೀನ್, ಟ್ಯಾನಿನ್. ತಿಲಾಪಿಯದ ಮೇಲಿನ ಪ್ರಯೋಗಗಳಲ್ಲಿ ಪಲ್ಪ್‌ನ ಪಾಲು ಏರಿದಂತೆ ಬೆಳವಣಿಗೆ ಇಳಿದಿದೆ. ಅದು ಗೊಬ್ಬರದ ಗುಂಡಿಗೇ ಸರಿ. ಕಪ್ಪು ಸೈನಿಕ ನೊಣದ ಮರಿಹುಳು ಇನ್ನೊಂದು ದಾರಿ: ಒಣತೂಕದಲ್ಲಿ ಪ್ರೋಟೀನ್ ಶೇ. 40ರಷ್ಟು. ಅದಕ್ಕೆ ಬೇಕಾದ್ದು 27ರಿಂದ 30 ಡಿಗ್ರಿ ಬಿಸಿ. ಇಲ್ಲಿಯ ಮಳೆಗಾಲದಲ್ಲಿ ಅದರ ಬೆಳವಣಿಗೆ ನಿಧಾನ.

ಕರ್ನಾಟಕದ ಕೈಯಲ್ಲೇ ಇರುವ ಉತ್ತರ ರೇಷ್ಮೆಯ ಪ್ಯೂಪಾ. ರಾಮನಗರ, ಶಿಡ್ಲಘಟ್ಟಗಳಲ್ಲಿ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಈ ಹುಳುವನ್ನು ಒಣಗಿಸಿದರೆ ಪ್ರೋಟೀನ್ ಶೇ. 50ರ ಮೇಲಿರುತ್ತದೆ, ಕಡಲೆಕಾಯಿ ಹಿಂಡಿಯಲ್ಲಿ ಕೊರತೆಯಾಗುವ ಲೈಸಿನ್, ಮೆಥಿಯೋನಿನ್ ಇದರಲ್ಲಿ ಧಾರಾಳ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಎಂ.ಸಿ. ನಂದೀಶ ಮತ್ತು ಸಂಗಡಿಗರು ಎಣ್ಣೆ ತೆಗೆಯದ ಪ್ಯೂಪಾವನ್ನು ಸಾಮಾನ್ಯ ಗೆಂಡೆಗೆ ತಿನ್ನಿಸಿ ನೋಡಿದ ಫಲಿತಾಂಶ 1990ರಲ್ಲೇ ಪ್ರಕಟವಾಗಿದೆ. ಆ ಕೆಲಸಕ್ಕೆ ಸಲ್ಲಬೇಕಾದ ಗಮನ ನಮ್ಮಲ್ಲಿ ಸಂದಿಲ್ಲ. ತೊಡಕು ಅದರ ಕೊಬ್ಬಿನದು, ಸುಮಾರು ಕಾಲುಪಾಲು. ಬಣಕಲ್‌ನ ಜೂನ್-ಸೆಪ್ಟೆಂಬರ್ ತೇವದಲ್ಲಿ ಅದು ಬೇಗ ಕಮಟಾಗುತ್ತದೆ. ಮೇವಿಗೆ ಬೆರೆಸಲು ಪಕ್ಕದಲ್ಲಿಟ್ಟ ಹಿಂಡಿಗೆ ಬೂಸ್ಟು ಹಿಡಿದು ಅಫ್ಲಟಾಕ್ಸಿನ್ ಸೇರುವ ಭಯವೂ ಇದೆ. ಹಾಗಾಗಿ ಎಣ್ಣೆ ತೆಗೆದ ಪ್ಯೂಪಾ ಕೊಳ್ಳುವುದು, ಮಳೆಗಾಲಕ್ಕೆಂದು ದಾಸ್ತಾನು ಮಾಡದಿರುವುದು ಲೇಸು.

ಕೆರೆಯ ಮೀನಿಗಾದರೆ ಲೆಕ್ಕ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮೀನಿನ ತೊಟ್ಟಿಯ ನೀರಿನಲ್ಲೇ ಗಿಡ ಬೆಳೆಸುವ ಅಕ್ವಾಪೋನಿಕ್ಸ್‌ನಲ್ಲಿ ಮೇವೇ ಗಿಡದ ಗೊಬ್ಬರ. ಪ್ರೋಟೀನ್‌ನ ಶೇ. 16ರಷ್ಟು ಸಾರಜನಕ, ಅದರಲ್ಲಿ ಮೀನಿನ ಮೈಗೆ ಹತ್ತುವುದು ಸಾಮಾನ್ಯವಾಗಿ ಮೂರನೇ ಒಂದು ಪಾಲಿನಷ್ಟೇ. ಉಳಿದದ್ದು ಬಹುಪಾಲು ಅಮೋನಿಯವಾಗಿ ನೀರಿಗೆ ಬಂದು, ಬ್ಯಾಕ್ಟೀರಿಯಗಳಿಂದ ನೈಟ್ರೇಟ್ ಆಗುತ್ತದೆ. ಒಂದು ಗ್ರಾಂ ಅಮೋನಿಯ-ಸಾರಜನಕ ಹೀಗೆ ಮಾರ್ಪಡಲು ಸುಮಾರು ಏಳು ಗ್ರಾಂ ಕ್ಷಾರೀಯತೆ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಖರ್ಚಾಗುತ್ತದೆ. ಮಳೆನೀರಿನಿಂದ ತುಂಬಿದ ಮಲೆನಾಡಿನ ಮೃದು ನೀರಿನಲ್ಲಿ ಅದು ಮೊದಲೇ ಕಡಿಮೆ. ಪ್ರೋಟೀನ್ ಹೆಚ್ಚಿದಷ್ಟೂ ನೀರು ಹುಳಿಯಾಗುವ ವೇಗವೂ ಹೆಚ್ಚು. ಇನ್ನೊಂದು ಸಂಗತಿ: ಮೀನಿನ ಹುಡಿ ಸೊಪ್ಪಿಗೆ ಬೇಡದ ಸೋಡಿಯಂ ತರುತ್ತದೆ, ಹಿಂಡಿ ಬೇಕಾದ ಪೊಟ್ಯಾಸಿಯಂ ತರುತ್ತದೆ. ಆದರೆ ಹಿಂಡಿಯ ರಂಜಕ ಬಹುಪಾಲು ಫೈಟೇಟ್ ರೂಪದಲ್ಲಿದ್ದು, ಮೀನಿಗೆ ದಕ್ಕದೆ ಹಿಕ್ಕೆಯೊಡನೆ ತಳ ಸೇರುತ್ತದೆ. ಆ ಕೆಸರನ್ನು ಹೊರಚೆಲ್ಲದೆ ಬೇರೆ ಡ್ರಮ್ಮಿನಲ್ಲಿ ಗಾಳಿಯಾಡಿಸಿ ಕೊಳೆಯಿಸಿದರೆ ರಂಜಕದ ಒಂದು ಪಾಲು ಗಿಡಕ್ಕೆ ಮರಳುತ್ತದೆ.

ಆದ್ದರಿಂದ ಪ್ಯೂಪಾ ಮತ್ತು ಹಿಂಡಿ ಬೆರೆಸಿದ ಮೇವನ್ನು ಇಲ್ಲಿ ಪರೀಕ್ಷಿಸುವವರು ಮೀನಿನ ತೂಕದ ಜೊತೆಗೆ ನೀರಿನ ಕ್ಷಾರೀಯತೆ, ಪೊಟ್ಯಾಸಿಯಂಗಳನ್ನೂ ವಾರವಾರ ಬರೆದಿಡಬೇಕು. ಕಾಫಿ ತೋಟದ ಹುಳಿಮಣ್ಣಿಗೆ ಪರೀಕ್ಷೆ ಮಾಡಿಸಿ ಸುಣ್ಣ ಹಾಕುವ ರೂಢಿ ಇರುವವರಿಗೆ ಈ ಶಿಸ್ತು ಹೊಸದಲ್ಲ.