ಆಣೆ ಮತ್ತು ‘ಟೇಕ್’: ಒಂದು ಇಂಗ್ಲಿಷ್ ಕ್ರಿಯಾಪದದ ನಾಮಸಂಬಂಧಗಳು

ಶಬ್ದಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಾಮಪದಗಳ ಬೆನ್ನು ಹತ್ತುತ್ತಾರೆ. ಒಂದು ಹೆಸರು ಯಾವ ಭಾಷೆಯಿಂದ ಬಂತು, ಯಾವ ಅರ್ಥದಿಂದ ಯಾವ ಅರ್ಥಕ್ಕೆ ಜಾರಿತು ಎಂಬ ವಿಚಾರಗಳು ನಮ್ಮಲ್ಲಿ ಸಾಕಷ್ಟು ಚರ್ಚೆಗೊಂಡಿವೆ. ಆದರೆ ಆ ಹೆಸರು ಯಾವ ಕ್ರಿಯಾಪದದೊಡನೆ ಕೂಡುತ್ತದೆ, ಯಾವುದರೊಡನೆ ಕೂಡಲು ಒಪ್ಪುವುದಿಲ್ಲ ಎಂಬುದು ಅಷ್ಟಾಗಿ ಗಮನ ಸೆಳೆದಿಲ್ಲ. ಜನಪದ ಸಾಮಗ್ರಿಯನ್ನು ಇಂಗ್ಲಿಷಿನಲ್ಲಿ ಸೂಚೀಕರಿಸುವ ಕೆಲಸದಲ್ಲಿ ತೊಡಗಿದವರಿಗೆ ಈ ಪ್ರಶ್ನೆ ನಿತ್ಯವೂ ಎದುರಾಗುತ್ತದೆ. ಪ್ರಸ್ತುತ ಲೇಖನವು ಇಂಗ್ಲಿಷಿನ ‘ಟೇಕ್’ ಎಂಬ ಅತಿ ಸಾಮಾನ್ಯ ಕ್ರಿಯಾಪದವನ್ನು, ಅದರಲ್ಲಿಯೂ ಆಣೆ, ಪ್ರಮಾಣ, ಹರಕೆಗಳ ಸಂದರ್ಭದಲ್ಲಿ ಅದು ನಡೆದುಕೊಳ್ಳುವ ರೀತಿಯನ್ನು ಪರಿಶೀಲಿಸುತ್ತದೆ. ಇದಕ್ಕೆ ಕಾರಣವಾದದ್ದು ನಾನೇ ಬರೆದ ಒಂದು ತಪ್ಪು ಚೀಟಿ. ಅದರ ವಿಷಯ ಮುಂದೆ ಬರುತ್ತದೆ.

‘ಟೇಕ್’ ಮೂಲತಃ ಇಂಗ್ಲಿಷಿನದಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ತೆಗೆದುಕೊಳ್ಳು’ ಎಂಬರ್ಥಕ್ಕೆ ಇದ್ದ ಕ್ರಿಯಾಪದ ‘ನಿಮನ್’. ಇಂದಿನ ಜರ್ಮನ್ ಭಾಷೆಯ ‘ನೇಮೆನ್’ ಅದರ ದಾಯಾದಿ. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ‘ತಾಕ’ ಎಂಬ ಪದ ನಿಧಾನವಾಗಿ ಸ್ಥಳೀಯರ ಬಾಯಿಗೂ ಬಂತು. ಕೆಲವು ಶತಮಾನಗಳ ಕಾಲ ಎರಡೂ ಜೊತೆಜೊತೆಗೆ ಬದುಕಿ, ಕೊನೆಗೆ ಹೊರಗಿನಿಂದ ಬಂದದ್ದೇ ಉಳಿಯಿತು. ಮನೆಯ ಮಗನನ್ನು ಹೊರಗಟ್ಟಿ ಅಳಿಯ ಯಜಮಾನಿಕೆ ಹಿಡಿದಂತಾಯಿತು. ಹಳೆಯ ‘ನಿಮನ್’ ಇಂದು ‘ನಂಬ್’ ಎಂಬ ಗುಣವಾಚಕದಲ್ಲಿ ಗುರುತು ಸಿಗುವಂತಿದೆ. ಮರಗಟ್ಟಿದ ಕೈ ಎಂದರೆ ಚಳಿಯು ‘ತೆಗೆದುಕೊಂಡ’ ಕೈ. ಮುಂದೆ ನಾರ್ಮನ್ನರ ಆಳ್ವಿಕೆಯ ಕಾಲದಲ್ಲಿ ಫ್ರೆಂಚ್ ಭಾಷೆಯ ‘ಪ್ರಾಂದ್ರ್’ ಕ್ರಿಯಾಪದದ ಜಾಡಿನಲ್ಲಿಯೂ ‘ಟೇಕ್’ ಹೊಸ ಹೊಸ ಹೆಸರುಗಳನ್ನು ಕೂಡಿಕೊಂಡಿತು. ಬೀಳ್ಕೊಳ್ಳುವುದಕ್ಕೆ ಇಂಗ್ಲಿಷರು ‘ಟೇಕ್ ಲೀವ್’ ಎನ್ನುವುದನ್ನು ವಿದ್ವಾಂಸರು ಇದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ.

ಹೀಗೆ ಬೆಳೆದ ಕ್ರಿಯಾಪದದ ಸ್ವಂತ ಅರ್ಥ ತೆಳುವಾಯಿತು. ನಡಿಗೆ, ಉಸಿರು, ಕಾಳಜಿ, ಸೇಡು, ಸ್ನಾನ, ಆಣೆ ಎಲ್ಲಕ್ಕೂ ಒಂದೇ ‘ಟೇಕ್’. ಡೆನ್ಮಾರ್ಕಿನ ವ್ಯಾಕರಣಕಾರ ಆಟೋ ಯೆಸ್ಪರ್ಸನ್ 1942ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ವ್ಯಾಕರಣದ ಆರನೆಯ ಭಾಗದಲ್ಲಿ ಇಂತಹವುಗಳನ್ನು ‘ಹಗುರ ಕ್ರಿಯಾಪದ’ಗಳೆಂದು ಕರೆದ. ಅದಕ್ಕೂ ಮೊದಲೇ, 1933ರಲ್ಲಿ, ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಸುಧಾರಣೆಯಲ್ಲಿ ತೊಡಗಿದ್ದ ಹೆರಾಲ್ಡ್ ಪಾಮರ್ ಇಂಗ್ಲಿಷಿನ ಪದಸಹವಾಸಗಳನ್ನು ಕುರಿತ ವರದಿಯೊಂದನ್ನು ಟೋಕಿಯೋದಲ್ಲಿ ಹೊರತಂದಿದ್ದ. ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವಾಗ ತೊಡಕಾಗುವುದು ದೊಡ್ಡ ಪದಗಳಲ್ಲ, ಇಂತಹ ಜೋಡಣೆಗಳೇ ಎಂಬುದು ಪಾಠ ಹೇಳುವವರ ಅನುಭವಕ್ಕೆ ಬಂದಿತ್ತು. ಸ್ನಾನಕ್ಕೆ ಬ್ರಿಟಿಷರು ಹೆಚ್ಚಾಗಿ ‘ಹ್ಯಾವ್’ ಎನ್ನುತ್ತಾರೆ, ಅಮೆರಿಕನ್ನರು ‘ಟೇಕ್’ ಎನ್ನುತ್ತಾರೆ. ನಮ್ಮವರ ಇಂಗ್ಲಿಷಿನಲ್ಲಿ ಊಟವನ್ನೂ ಚಹಾವನ್ನೂ ‘ಟೇಕ್’ ಮಾಡುತ್ತಾರೆ. ಇದನ್ನು ಕಂಡು ನಗುವವರಿದ್ದಾರೆ. ಆ ನಗೆಗೆ ವ್ಯಾಕರಣದ ಬೆಂಬಲ ಅಷ್ಟಾಗಿ ಇದ್ದಂತೆ ನನಗೆ ತೋರುವುದಿಲ್ಲ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆಣೆ. ಇಂಗ್ಲಿಷಿನಲ್ಲಿ ಆಣೆಯನ್ನು ‘ಸ್ವೇರ್’ ಎಂಬ ಕ್ರಿಯಾಪದದೊಡನೆ ಹೇಳುವುದು ಪ್ರಾಚೀನ ರೂಢಿ. ‘ಟೇಕ್’ ಅದರ ಜೊತೆಗೆ ಬಂದು ನಿಂತದ್ದು ಆಮೇಲೆ. ಈ ಪ್ರಯೋಗದಲ್ಲಿ ಆಣೆ ಮಾಡುವವನು ಸ್ವೀಕರಿಸುವವನಾಗುತ್ತಾನೆ. ಅಧಿಕಾರಿಯೊಬ್ಬ ಅದನ್ನು ಕೊಡಿಸುತ್ತಾನೆ, ಇವನು ಪಡೆಯುತ್ತಾನೆ. ದೇವರ ಹೆಸರಿಲ್ಲದ ದೃಢೀಕರಣಕ್ಕಾದರೋ ಅಲ್ಲಿ ‘ಮೇಕ್’ ಸಲ್ಲುತ್ತದೆ. 1880ರಲ್ಲಿ ನಾರ್ಥಾಂಪ್ಟನ್ನಿನಿಂದ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ನಿರೀಶ್ವರವಾದಿ ಚಾರ್ಲ್ಸ್ ಬ್ರಾಡ್ಲಾ, ಪ್ರಮಾಣದ ಬದಲು ದೃಢೀಕರಣಕ್ಕೆ ಅವಕಾಶ ಕೇಳಿ, ತನ್ನ ಆಸನದಲ್ಲಿ ನಿರಾತಂಕವಾಗಿ ಕುಳಿತುಕೊಳ್ಳಲು 1886ರವರೆಗೆ ಕಾಯಬೇಕಾಯಿತು. 1888ರ ಪ್ರಮಾಣ ಕಾಯಿದೆ ಆ ಹೋರಾಟದ ಫಲ. ನಮ್ಮ ಸಂವಿಧಾನವು ಶಾಸಕರ ವಿಷಯದಲ್ಲಿ 188ನೆಯ ಅನುಚ್ಛೇದದಲ್ಲಿ ಪ್ರಮಾಣಕ್ಕೂ ದೃಢೀಕರಣಕ್ಕೂ ಒಟ್ಟಿಗೆ ‘ಮೇಕ್’ ಎಂದೇ ಬಳಸಿದೆ. ಹೀಗಿದ್ದೂ ನಮ್ಮ ಪತ್ರಿಕೆಗಳ ಕನ್ನಡದಲ್ಲಿ ರಾಜ್ಯಪಾಲರು ಪ್ರಮಾಣವಚನ ‘ಬೋಧಿಸುತ್ತಾರೆ’, ಸಚಿವರು ‘ಸ್ವೀಕರಿಸುತ್ತಾರೆ’. ಸಂವಿಧಾನದ ‘ಮೇಕ್’ ಅಲ್ಲ, ವಾಡಿಕೆಯ ‘ಟೇಕ್’ ಇಲ್ಲಿ ಸಂಸ್ಕೃತದ ವೇಷ ಹಾಕಿಕೊಂಡು ಬಂದಂತಿದೆ.

ಹಳ್ಳಿಯ ಕನ್ನಡದಲ್ಲಿ ಯಾರೂ ಆಣೆಯನ್ನು ಸ್ವೀಕರಿಸುವುದಿಲ್ಲ. ‘ಆಜ್ಞೆ’ಯ ತದ್ಭವವಾದ ಈ ಪದ ತನ್ನ ಹಳೆಯ ಅರ್ಥವನ್ನು ಕ್ರಿಯಾಪದಗಳಲ್ಲಿ ಬಚ್ಚಿಟ್ಟುಕೊಂಡಿದೆ. ‘ಆಣೆ ಮಾಡು’ ಎಂದರೆ ತನ್ನನ್ನು ತಾನೇ ಕಟ್ಟಿಕೊಳ್ಳುವುದು. ‘ಆಣೆ ಹಾಕು’ ಎಂದರೆ ಇನ್ನೊಬ್ಬರನ್ನು ಕಟ್ಟುವುದು. ‘ಆಣೆ ಇಡು’ ಎಂಬುದು ಊರಿನಿಂದ ಊರಿಗೆ ಎರಡು ಕಡೆಗೂ ವಾಲುತ್ತದೆ. ಮಾತು ಅಥವಾ ಭಾಷೆಯಾದರೆ ‘ಕೊಡು’. ಗೋವಿನ ಹಾಡಿನ ಪುಣ್ಯಕೋಟಿ ಹುಲಿಗೆ ಕೊಡುವುದು ಭಾಷೆಯನ್ನು. (ಇಂಗ್ಲಿಷರೂ ಮಾತನ್ನು ‘ಗಿವ್’ ಮಾಡುತ್ತಾರೆ ಎಂಬುದು ಸ್ವಾರಸ್ಯದ ಸಂಗತಿ.) ಹರಕೆಯನ್ನು ಹೊರುತ್ತಾರೆ, ಕರಾವಳಿಯ ಕಡೆ ಹೇಳಿಕೊಳ್ಳುತ್ತಾರೆ, ಆಮೇಲೆ ತೀರಿಸುತ್ತಾರೆ ಅಥವಾ ಒಪ್ಪಿಸುತ್ತಾರೆ. ಮುಡಿಪನ್ನು ಕಟ್ಟುತ್ತಾರೆ. ವ್ರತವನ್ನು ಹಿಡಿಯುತ್ತಾರೆ. ‘ತೆಗೆ’ ಎಂಬ ನಮ್ಮ ಕ್ರಿಯಾಪದಕ್ಕೆ ಒಳಗಿನಿಂದ ಹೊರಕ್ಕೆ ಎಳೆಯುವ ಅರ್ಥ ಇನ್ನೂ ಗಟ್ಟಿಯಾಗಿದೆ: ದೃಷ್ಟಿ ತೆಗೆಯುವುದು, ಮಾತು ತೆಗೆಯುವುದು, ಜೀವ ತೆಗೆಯುವುದು. ‘ಕೊಳ್ಳು’ ಸೇರಿದಾಗ ಮಾತ್ರ ಅದು ತನ್ನ ಕಡೆಗೆ ತಿರುಗುತ್ತದೆ.

ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ 1824ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟು ಇಂಗ್ಲಿಷ್ ಪದದಿಂದ ಹೊರಡುತ್ತದೆ. 1894ರ ಕಿಟ್ಟೆಲ್ ನಿಘಂಟು ಕನ್ನಡ ಪದದಿಂದ ಹೊರಡುತ್ತದೆ. ಹೆಸರಿನ ನಮೂದಿನ ಅಡಿಯಲ್ಲಿಯೇ ಅದರೊಡನೆ ಕೂಡುವ ಕ್ರಿಯಾಪದಗಳನ್ನೂ ಕೊಡುತ್ತದೆ. ಜಾನಪದದ ಕೆಲಸಕ್ಕೆ ಎರಡನೆಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಮೊದಲ ದಾರಿ ಹಿಡಿದು ನಾನು ಕೆಟ್ಟೆ.

ಸುಮಾರು ಎರಡು ದಶಕಗಳ ಹಿಂದೆ, ಸಂಶೋಧನೆಯ ಕ್ಷೇತ್ರಕಾರ್ಯದಲ್ಲಿ, ಹಳೆ ಮೈಸೂರು ಕಡೆಯ ಹಳ್ಳಿಯೊಂದರಲ್ಲಿ ವೃದ್ಧೆಯೊಬ್ಬರ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದೆ. ಜಮೀನಿನ ಜಗಳದಲ್ಲಿ ಅವರ ಅಣ್ಣ, ತನ್ನ ಹೊಸಲು ತುಳಿದರೆ ನಿನ್ನ ಮಕ್ಕಳಾಣೆ ಎಂದು ತಂಗಿಗೆ ಆಣೆ ಹಾಕಿದ್ದ. ಕೆಲವು ವರ್ಷಗಳ ನಂತರ ತಾಯಿ ಅದೇ ಮನೆಯಲ್ಲಿ ಕೊನೆಯುಸಿರೆಳೆಯುತ್ತಿದ್ದಾಗ ಈಕೆ ಹೊಸಲು ದಾಟಿ ಒಳಗೆ ಹೋದರು. ಮುಂದೆ ಆಕೆಯ ಮಗುವೊಂದು ತೀರಿಕೊಂಡಾಗ ಊರು ಅದಕ್ಕೂ ಇದಕ್ಕೂ ಗಂಟು ಹಾಕಿತು. ಅಧ್ಯಯನ ಸಂಸ್ಥೆಯೊಂದರ ಸಂಗ್ರಹಕ್ಕಾಗಿ ಇಂಗ್ಲಿಷಿನಲ್ಲಿ ಚೀಟಿ ಬರೆಯುವಾಗ ನಾನು, ಈಕೆ ಆಣೆಯನ್ನು ‘ಟೇಕ್’ ಮಾಡಿ ಆಮೇಲೆ ಮುರಿದರು ಎಂದು ಎರಡು ಸಾಲಿನಲ್ಲಿ ಮುಗಿಸಿದೆ. ವರ್ಷಗಳ ಮೇಲೆ ಸಂಶೋಧನಾ ವಿದ್ಯಾರ್ಥಿಯೊಬ್ಬರು ಆ ಚೀಟಿಗಳನ್ನಷ್ಟೇ ಆಧರಿಸಿ ಆಣೆ ತಪ್ಪಿದವರ ಪಟ್ಟಿಯೊಂದನ್ನು ಸಿದ್ಧಪಡಿಸಿದಾಗ ಆ ತಾಯಿ ಅದರಲ್ಲಿದ್ದರು. ಮತ್ತೆ ಧ್ವನಿಮುದ್ರಣ ಕೇಳಿದೆ. “ನಾ ಎಲ್ಲಿ ಆಣೆ ಮಾಡ್ದೆ? ಅವ್ನು ಹಾಕ್ದ, ನಾ ಸುಮ್ಕಿದ್ದೆ” ಎಂದು ಆಕೆ ಒಂದೇ ಸಂಭಾಷಣೆಯಲ್ಲಿ ಮೂರು ಬಾರಿ ಹೇಳಿದ್ದರು. ಊರಿನ ಮುಂದೆ ಅವರಿಗಿದ್ದ ಸಮರ್ಥನೆಯೆಲ್ಲ ಆ ಎರಡು ಕ್ರಿಯಾಪದಗಳ ನಡುವಿನ ಅಂತರದಲ್ಲಿತ್ತು. ಅದನ್ನೇ ನಾನು ಅಳಿಸಿಬಿಟ್ಟಿದ್ದೆ.

ಕಾನೂನಿನ ಚರಿತ್ರೆಯಲ್ಲಿಯೂ ಈ ಅಂತರ ಬಂದು ಹೋಗಿದೆ. ಗಂಗಾಜಲ ಅಥವಾ ಕುರಾನಿನ ಮೇಲೆ ಪ್ರಮಾಣ ಮಾಡಿಸುವ ಪದ್ಧತಿಯನ್ನು ಕಂಪನಿ ಸರಕಾರ 1840ರ 5ನೆಯ ಕಾಯಿದೆಯಿಂದ ಕೈಬಿಟ್ಟು ದೃಢೀಕರಣವನ್ನು ತಂದಿತು. ಆದರೆ 1873ರ ಭಾರತೀಯ ಪ್ರಮಾಣ ಕಾಯಿದೆಯ 8ರಿಂದ 11ರವರೆಗಿನ ಕಲಮುಗಳು ವಿಶೇಷ ಆಣೆಗೆ ಮತ್ತೆ ಎಡೆಕೊಟ್ಟವು: ಎದುರು ಕಕ್ಷಿಯು ತನ್ನ ಸಮುದಾಯದ ರೂಢಿಯಂತೆ ಆಣೆ ಮಾಡಿ ಹೇಳಿದರೆ ಅದಕ್ಕೆ ಬದ್ಧನಾಗುತ್ತೇನೆಂದು ದಾವೆಯ ಪಕ್ಷಗಾರನೊಬ್ಬ ಸವಾಲು ಹಾಕಬಹುದಿತ್ತು. ಎದುರಾಳಿ ಒಪ್ಪದಿದ್ದರೆ ನ್ಯಾಯಾಲಯ ಬಲವಂತ ಮಾಡುವಂತಿರಲಿಲ್ಲ. ನಿರಾಕರಣೆಯನ್ನು ಕಾರಣಸಹಿತ ದಾಖಲಿಸಬೇಕಾಗಿತ್ತು. ಹಾಕಿದ ಆಣೆಯೇ ಬೇರೆ, ಮಾಡಿದ ಆಣೆಯೇ ಬೇರೆ ಎಂದು ಆ ಕಾಯಿದೆ ಒಪ್ಪಿಕೊಂಡಂತಾಯಿತು. 1969ರ ಪ್ರಮಾಣ ಕಾಯಿದೆಯಲ್ಲಿ ಈ ಕಲಮುಗಳನ್ನು ಉಳಿಸಿಕೊಂಡಿಲ್ಲ. ವೃದ್ಧೆಯ ಹಳ್ಳಿಯಲ್ಲಿ ಆ ವಿವೇಚನೆ ಉಳಿದಿತ್ತು.

ಆ ಚೀಟಿಯನ್ನು ತಿದ್ದಿದ್ದೇನೆ. ಇಂಗ್ಲಿಷ್ ವಾಕ್ಯವನ್ನು ಹೊಡೆದುಹಾಕಿ, ಆಕೆಯ ಮಾತನ್ನು ಹಾಗೆಯೇ ಕನ್ನಡದಲ್ಲಿ ಬರೆದು, ‘ಹಾಕು’ ಎಂಬುದರ ಕೆಳಗೆ ಗೆರೆ ಎಳೆದಿದ್ದೇನೆ. ಆಕೆ ಈಗಿಲ್ಲ. ಅದೇ ಪೆಟ್ಟಿಗೆಯಲ್ಲಿ ನನ್ನ ಕೈಬರಹದ ಇನ್ನೂ ಹಲವು ಚೀಟಿಗಳಲ್ಲಿ ‘ಟೇಕ್’ ಇದೆ. ಒಂದೊಂದಕ್ಕೂ ಧ್ವನಿಮುದ್ರಣವನ್ನು ಮತ್ತೆ ಕೇಳಬೇಕಾಗಿದೆ.